ಅಡಿಕೆ ಆರಿಸುವ ಯಂತ್ರಕ್ಕೆ ಕಣ್ಣು ಜೋಡಿಸುವಾಗ ಕಲಿತದ್ದು

ಸುಲಿದ ಚಾಲಿ ಅಡಿಕೆ ಒಂದೇ ದರಕ್ಕೆ ಮಾರಾಟವಾಗುವುದಿಲ್ಲ. ಶಿರಸಿ ಕಡೆಯ ಮಾರುಕಟ್ಟೆಯಲ್ಲಿ ಅದು ಚಾಲಿ, ಬಿಳೇಗೋಟು, ಕೆಂಪುಗೋಟು, ಕೋಕಾ ಎಂದು ಬೇರೆ ಬೇರೆ ರಾಶಿಯಾಗುತ್ತದೆ. ರಾಶಿ ಬದಲಾದರೆ ದರವೂ ಬದಲಾಗುತ್ತದೆ. ಈ ಆರಿಸುವ ಕೆಲಸವನ್ನು ಬಹುಪಾಲು ಹೆಂಗಸರು ನೆಲದ ಮೇಲೆ ಕೂತು ಕೈಯಲ್ಲೇ ಮಾಡುತ್ತ ಬಂದಿದ್ದಾರೆ. ಅದೇ ಕೆಲಸ ಮಾಡುವ ಕ್ಯಾಮೆರಾ ಯಂತ್ರಗಳನ್ನು ನಾವು ಪೀಣ್ಯದ ಒಂದು ಶೆಡ್ಡಿನಲ್ಲಿ ಕಟ್ಟುತ್ತೇವೆ. ಅಡಿಕೆ ಮೇಲಿನಿಂದ ಇಳಿಜಾರು ತಗಡಿನ ಮೇಲೆ ಜಾರಿ ಬೀಳುತ್ತದೆ, ಬೀಳುವಾಗ ಕ್ಯಾಮೆರಾ ನೋಡುತ್ತದೆ, ಬೇಡದ್ದನ್ನು ಗಾಳಿಯ ನಳಿಕೆ ಊದಿ ಪಕ್ಕದ ತೊಟ್ಟಿಗೆ ತಳ್ಳುತ್ತದೆ. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗಾಗಿ ಬರೆದಿಟ್ಟ ಪಾಠಗಳು ಇವು.

1. ಕ್ಯಾಮೆರಾ ಕೊಳ್ಳುವ ಮೊದಲು ಆರಿಸುವವರ ಪಕ್ಕ ಕೂತುಕೊಳ್ಳಿ

ನಾನು ಮೊದಲ ಸಲ ಶಿರಸಿ ಹತ್ತಿರದ ಒಂದು ಮನೆಗೆ ಹೋದಾಗ ಜೇಬಿನಲ್ಲಿ ಭೂತಗನ್ನಡಿ, ಕೈಯಲ್ಲಿ ಟಾರ್ಚು ಇತ್ತು. ಒಂದು ಅಡಿಕೆಗೆ ಎದುರಿನಿಂದ ಟಾರ್ಚು ಬಿಟ್ಟು ನೋಡುತ್ತಿದ್ದೆ. ಪಕ್ಕದಲ್ಲಿ ಆರಿಸುತ್ತ ಕೂತಿದ್ದ ವಯಸ್ಸಾದ ಹೆಂಗಸು ಸ್ವಲ್ಪ ಹೊತ್ತು ನೋಡಿ, ‘ತಮ್ಮಾ, ಎದುರಿಗೆ ಬೆಳಕು ಬಿಟ್ರೆ ಏನೂ ಕಾಣೂದಿಲ್ಲ. ಓರೆ ಹಿಡಿ’ ಎಂದರು. ಅವರು ಕೂತದ್ದು ಕಿಟಕಿಗೆ ಅಡ್ಡವಾಗಿ. ಅಡಿಕೆಯನ್ನು ಎರಡು ಬೆರಳಲ್ಲಿ ಅರ್ಧ ಸುತ್ತು ತಿರುಗಿಸಿದಾಗ ಕಿಟಕಿಯ ಬೆಳಕು ಅದರ ಮೈಮೇಲೆ ಸವರಿಕೊಂಡು ಹೋಗುತ್ತಿತ್ತು. ಬಿರುಕಿದ್ದರೆ ಅಲ್ಲೊಂದು ಕಪ್ಪು ಗೆರೆ ಎದ್ದು ನಿಲ್ಲುತ್ತಿತ್ತು. ಟಾರ್ಚಿನ ಎದುರು ಬೆಳಕಿನಲ್ಲಿ ಅದೇ ಬಿರುಕು ಪೂರಾ ಮಾಯ.

ನಮ್ಮ ಯಂತ್ರದ ಬೆಳಕಿನ ವಿನ್ಯಾಸ ಆ ಕಿಟಕಿಯಿಂದ ಬಂದದ್ದು. ಆ ತಾಯಿ ಆವತ್ತು ನನಗೆ ಇನ್ನೂ ಒಂದು ವಿಷಯ ತೋರಿಸಿದರು. ಅದನ್ನು ಎಂಟನೇ ಪಾಠದಲ್ಲಿ ಹೇಳುತ್ತೇನೆ.

2. ಬೆಳಕು ಸರಿಯಿದ್ದರೆ ಸುಲಭದ ಅಲ್ಗಾರಿದಮ್ ಸಾಕು

ನಮ್ಮಲ್ಲಿ ಈಗ ಎರಡು ಬಗೆಯ ಬೆಳಕಿದೆ. ಒಂದು ಎಲ್ಲ ಕಡೆಯಿಂದ ಮೃದುವಾಗಿ ಬೀಳುವಂಥದ್ದು, ಬಣ್ಣ ನೋಡಲು. ಇನ್ನೊಂದು ಓರೆಯಿಂದ ಸವರುವಂಥದ್ದು, ಬಿರುಕು, ಸುಕ್ಕು, ಹುಳು ಕೊರೆದ ತೂತು ನೋಡಲು. ಅಡಿಕೆಯ ಹಿಂದೆ ನೀಲಿ ಬಣ್ಣದ ಹಲಗೆ ಇಟ್ಟಿದ್ದೇವೆ, ಏಕೆಂದರೆ ಬಿಳಿ, ಕಂದು, ಕೆಂಪು, ಕಪ್ಪು ಎಲ್ಲ ಬಗೆಯ ಅಡಿಕೆ ಸಿಗುತ್ತದೆ, ನೀಲಿ ಅಡಿಕೆ ಸಿಗುವುದಿಲ್ಲ. ಇಷ್ಟು ಮಾಡಿದ ಮೇಲೆ ಅಡಿಕೆ ಯಾವುದು, ಹಿನ್ನೆಲೆ ಯಾವುದು ಎಂದು ಬಿಡಿಸಲು ಜಪಾನಿನ ಓತ್ಸು 1979ರಲ್ಲಿ ಕೊಟ್ಟ ವಿಧಾನವೇ ಸಾಕಾಯಿತು. ಪಿಕ್ಸೆಲ್‌ಗಳ ಹೊಳಪನ್ನು ಎಣಿಸಿ, ಎರಡು ಗುಂಪು ಆದಷ್ಟು ಸ್ಪಷ್ಟವಾಗಿ ಬೇರಾಗುವ ಗಡಿಯನ್ನು ಅದು ತಾನೇ ಹುಡುಕುತ್ತದೆ. ಕಪ್ಪು ಹಲಗೆ ಇದ್ದಾಗ ಇದೇ ಕೆಲಸಕ್ಕೆ ದೊಡ್ಡ ನ್ಯೂರಲ್ ನೆಟ್‌ವರ್ಕ್ ತರಬೇತಿ ಮಾಡಿದ್ದೆವು. ಆದರೂ ಕಪ್ಪು ಕೋಕಾ ಅಂಚಿನಲ್ಲಿ ಹಿನ್ನೆಲೆಯ ಜೊತೆ ಕರಗಿಹೋಗುತ್ತಿತ್ತು. ಹಲಗೆಗೆ ಬಣ್ಣ ಬಳಿಯಲು ಬೇಕಾದದ್ದು ಒಂದು ಮಧ್ಯಾಹ್ನ.

3. ಚಿತ್ರದಲ್ಲಿ ಪಟ್ಟೆ ಕಂಡರೆ ಪಟ್ಟೆಯ ಅಗಲ ಅಳೆಯಿರಿ

ಒಂದು ಹೊಸ ಯಂತ್ರದಲ್ಲಿ ಚಿತ್ರದ ತುಂಬ ಅಡ್ಡಡ್ಡ ಪಟ್ಟೆ ಬಂತು: ಒಮ್ಮೆ ಬೆಳಕು, ಒಮ್ಮೆ ಮಬ್ಬು. ಎರಡು ದಿನ ಪ್ರೋಗ್ರಾಮ್ ಜಾಲಾಡಿದೆವು. ಸೆನ್ಸರ್ ಕೆಟ್ಟಿದೆ ಎಂದು ಒಬ್ಬ, ಕೇಬಲ್ ಎಂದು ಇನ್ನೊಬ್ಬ. ಕೊನೆಗೆ ನಮ್ಮ ಜೊತೆಗಿದ್ದ ಡಿಪ್ಲೊಮಾ ಹುಡುಗಿ ಪಟ್ಟೆಗಳನ್ನು ಎಣಿಸಿದಳು. ಸರಿಯಾಗಿ 120 ಸಾಲಿಗೊಂದು ಪಟ್ಟೆ. ಕ್ಯಾಮೆರಾ ಸೆಕೆಂಡಿಗೆ 12,000 ಸಾಲು ತೆಗೆಯುತ್ತಿತ್ತು. ಭಾಗಿಸಿದರೆ ಸೆಕೆಂಡಿಗೆ 100 ಪಟ್ಟೆ. ನಮ್ಮ ಮನೆಯ ಕರೆಂಟು 50 ಹರ್ಟ್ಸ್; ಒಂದು ಸುತ್ತಿನಲ್ಲಿ ಎರಡು ಸಲ ಏರಿ ಇಳಿಯುವುದರಿಂದ ಅಗ್ಗದ ಎಲ್‌ಇಡಿ ಡ್ರೈವರ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಮನುಷ್ಯನ ಕಣ್ಣಿಗೆ ಅದು ಸ್ಥಿರ ಬೆಳಕು. ಒಂದೊಂದು ಸಾಲನ್ನೂ ಸೆಕೆಂಡಿನ ಹನ್ನೆರಡು ಸಾವಿರದಲ್ಲೊಂದು ಭಾಗದಲ್ಲಿ ನೋಡುವ ಕ್ಯಾಮೆರಾಕ್ಕೆ ಅದು ಏರಿಳಿತ. ಸ್ಥಿರ ಡಿಸಿ ಕೊಡುವ ಡ್ರೈವರ್ ಹಾಕಿದ ಕೂಡಲೇ ಪಟ್ಟೆ ಹೋಯಿತು.

ಅಂದಿನಿಂದ ನಮ್ಮಲ್ಲಿ ನಿಯಮ: ಚಿತ್ರದಲ್ಲಿ ಯಾವುದೇ ಗೆರೆ ಮತ್ತೆ ಮತ್ತೆ ಬಂದರೆ ಮೊದಲು ಅಂತರ ಎಣಿಸಬೇಕು.

4. ಕಾಗದದ ಮೇಲೆ ಲೆಕ್ಕ ಹಾಕಿ

ಕ್ಯಾಮೆರಾದ ಎದುರು ಹಾಯುವಾಗ ಅಡಿಕೆಯ ವೇಗ ಸುಮಾರು ಸೆಕೆಂಡಿಗೆ 3 ಮೀಟರ್. ಕಾಣಬೇಕಾದ ಅತಿ ಸಣ್ಣ ದೋಷ ಅರ್ಧ ಮಿಲಿಮೀಟರಿನ ಬಿರುಕು. ಅದರ ಮೇಲೆ ಕಡೇಪಕ್ಷ ಎರಡು ಪಿಕ್ಸೆಲ್ ಕೂರಬೇಕು, ಅಂದರೆ ಪಿಕ್ಸೆಲ್ಲಿಗೆ ಕಾಲು ಮಿಲಿಮೀಟರ್. 3 ಮೀಟರನ್ನು ಕಾಲು ಮಿಲಿಮೀಟರಿನಿಂದ ಭಾಗಿಸಿದರೆ ಸೆಕೆಂಡಿಗೆ 12,000 ಸಾಲು. ಒಂದು ಸಾಲಿಗೆ ಸಿಗುವ ಸಮಯ 83 ಮೈಕ್ರೊಸೆಕೆಂಡ್. ಅಷ್ಟರೊಳಗೆ ಸೆನ್ಸರಿಗೆ ಬೆಳಕು ತುಂಬಬೇಕು. ಬೆಳಕಿಗೆ ಅಷ್ಟು ದುಡ್ಡು ಏಕೆ ಎಂದು ಲೆಕ್ಕಪತ್ರ ನೋಡುವವರು ಕೇಳಿದಾಗ ನಾನು ತೋರಿಸುವುದು ಈ ಸಂಖ್ಯೆಯನ್ನೇ. ಸಾಲಿಗೆ 2048 ಪಿಕ್ಸೆಲ್, ಪಿಕ್ಸೆಲ್ಲಿಗೆ ಮೂರು ಬಣ್ಣದ ಮೂರು ಬೈಟ್: ಸೆಕೆಂಡಿಗೆ 73 ಮೆಗಾಬೈಟಿಗೂ ಹೆಚ್ಚು ದತ್ತಾಂಶ, ದಿನವಿಡೀ, ಬಿಡುವಿಲ್ಲದೆ.

2048 ಎಂಬ ಸಂಖ್ಯೆ ಬಂದಾಗಲೆಲ್ಲ ನನಗೆ 1988ರ ಮಾರ್ಚ್ 17ರಂದು ಬೈಕನೂರಿನಿಂದ ಹಾರಿದ ಐಆರ್‌ಎಸ್-1ಎ ಉಪಗ್ರಹ ನೆನಪಾಗುತ್ತದೆ. ಇಸ್ರೋದ ಆ ಉಪಗ್ರಹದ ಲಿಸ್-1 ಕ್ಯಾಮೆರಾದಲ್ಲೂ ಒಂದು ಸಾಲಿಗೆ 2048 ಬಿಂದುಗಳೇ. ಒಂದೊಂದು ಬಿಂದು ನೆಲದ 72.5 ಮೀಟರ್ ನೋಡುತ್ತಿತ್ತು, ಇಡೀ ಸಾಲು 148 ಕಿಲೋಮೀಟರ್. ಅಲ್ಲಿ ಕ್ಯಾಮೆರಾ ಚಲಿಸುತ್ತಿತ್ತು, ಇಲ್ಲಿ ಅಡಿಕೆ ಚಲಿಸುತ್ತದೆ. ಸಾಲಿನ ಕೆಳಗೆ ಸಾಲು ಜೋಡಿಸಿ ಚಿತ್ರ ಕಟ್ಟುವ ರೀತಿ ಎರಡಕ್ಕೂ ಒಂದೇ. ನಮ್ಮ ಸಾಲಿನ ಅಗಲ 51 ಸೆಂಟಿಮೀಟರ್.

5. ಇಡೀ ಚಿತ್ರ ಕೂಡಿಡುವ ಅಭ್ಯಾಸ ಬಿಡಿ

ಕಾಲೇಜಿನಲ್ಲಿ ನಾವೆಲ್ಲ ಕಲಿಯುವುದು ಚಿತ್ರವನ್ನು ಫೈಲಿನಿಂದ ಓದಿ, ಪೂರ್ತಿ ಮೆಮೊರಿಗೆ ತಂದು, ಆಮೇಲೆ ಕೆಲಸ ಮಾಡುವುದನ್ನು. ಬೀಳುತ್ತಿರುವ ಅಡಿಕೆಗೆ ಈ ಕ್ರಮ ಒಗ್ಗುವುದಿಲ್ಲ. ಎಫ್‌ಪಿಜಿಎ ಎಂಬ, ಒಳಗಿನ ಸರ್ಕ್ಯೂಟನ್ನು ನಾವೇ ಜೋಡಿಸಿಕೊಳ್ಳಬಹುದಾದ ಚಿಪ್ಪಿನಲ್ಲಿ ಕೆಲಸ ಶುರು ಮಾಡಿದಾಗ ನನ್ನ ಯೋಚನೆಯೇ ತಿರುಗಿಹೋಯಿತು. ಧೂಳಿನ ಚುಕ್ಕೆ ತೆಗೆಯಲು ಮೂರಕ್ಕೆ ಮೂರು ಮೀಡಿಯನ್ ಸೋಸುವಿಕೆ ಮಾಡುತ್ತೇವೆ: ಒಂಬತ್ತು ಪಿಕ್ಸೆಲ್ ತೆಗೆದುಕೊಂಡು, ಬೆಲೆಯ ಪ್ರಕಾರ ಸಾಲು ನಿಲ್ಲಿಸಿ, ನಡುವಿನದನ್ನು ಇಟ್ಟುಕೊಳ್ಳುವುದು. ಇದಕ್ಕೆ ಬೇಕಾದದ್ದು ಈಗ ಬರುತ್ತಿರುವ ಸಾಲು ಮತ್ತು ಹಿಂದಿನ ಎರಡು ಸಾಲು. ಒಂದು ಬಣ್ಣಕ್ಕೆ ನಾಲ್ಕು ಕಿಲೋಬೈಟ್ ನೆನಪು ಸಾಕು. ಅದೇ ಕೆಲಸಕ್ಕೆ 2048 ಸಾಲಿನ ಚಿತ್ರ ಕೂಡಿಟ್ಟರೆ ನಾಲ್ಕು ಮೆಗಾಬೈಟ್ ಬೇಕು, ಜೊತೆಗೆ ಅಷ್ಟೂ ಸಾಲು ಬರುವತನಕ ಕಾಯಬೇಕು. ಕಾಯುವಷ್ಟರಲ್ಲಿ ಅಡಿಕೆ ತೊಟ್ಟಿ ಸೇರಿರುತ್ತದೆ.

ಅಂಟಿಕೊಂಡ ಪಿಕ್ಸೆಲ್‌ಗಳನ್ನು ಸೇರಿಸಿ ‘ಇದು ಒಂದು ಅಡಿಕೆ’ ಎಂದು ಗುರುತು ಹಾಕುವ ಕೆಲಸವೂ ಹೀಗೆಯೇ ಆಗುತ್ತದೆ. ರೋಸನ್‌ಫೆಲ್ಡ್ ಮತ್ತು ಫಾಲ್ಟ್ಸ್ 1966ರಲ್ಲಿ ಬರೆದ ವಿಧಾನ ಚಿತ್ರವನ್ನು ಸಾಲಿನಿಂದ ಸಾಲಿಗೆ ನೋಡುತ್ತ ಹೋಗುವಂಥದ್ದು. ಆಗಿನ ಕಂಪ್ಯೂಟರುಗಳಲ್ಲಿ ಮೆಮೊರಿ ಬಹಳ ಕಡಿಮೆ. ಆ ಬಿಗಿಯಲ್ಲಿ ಹುಟ್ಟಿದ ಹಳೆಯ ಪ್ರಬಂಧಗಳು ಇವತ್ತಿನ ಚಿಪ್ಪಿಗೆ ಅಚ್ಚುಕಟ್ಟಾಗಿ ಕೂರುತ್ತವೆ. ಹಳತು ಎಂದು ಪಕ್ಕಕ್ಕಿಡಬೇಡಿ, ಓದಿ.

6. ಸರಾಸರಿ ಸಮಯ ನೋಡಿ ನೆಮ್ಮದಿಪಡಬೇಡಿ

ಕ್ಯಾಮೆರಾದ ಗೆರೆಯಿಂದ ಗಾಳಿ ನಳಿಕೆಗೆ 18 ಸೆಂಟಿಮೀಟರ್. 3 ಮೀಟರ್ ವೇಗದಲ್ಲಿ ಅದು 60 ಮಿಲಿಸೆಕೆಂಡ್. ಅಷ್ಟರಲ್ಲಿ ನೋಡಿ, ನಿರ್ಧರಿಸಿ, ವಾಲ್ವ್ ತೆರೆಯಬೇಕು. ವಾಲ್ವ್ ತೆರೆಯಲು ಬೇಕಾದ ಕೆಲವು ಮಿಲಿಸೆಕೆಂಡೂ ಇದರಲ್ಲೇ ಸೇರಿದೆ. ನಾವು ಮೊದಲು ಎಲ್ಲವನ್ನೂ ಒಂದು ಒಳ್ಳೆಯ ಜಿಪಿಯು ಇರುವ ಕಂಪ್ಯೂಟರಿಗೆ ಬಿಟ್ಟಿದ್ದೆವು. ಸರಾಸರಿ ಸಮಯ ಚೆನ್ನಾಗಿತ್ತು. ಆದರೆ ಆಪರೇಟಿಂಗ್ ಸಿಸ್ಟಮ್ ನಡುನಡುವೆ ಬೇರೆ ಕೆಲಸಕ್ಕೆ ತಿರುಗುತ್ತಿತ್ತು, ಆಗ ಊದುವುದು ಐದು ಮಿಲಿಸೆಕೆಂಡ್ ತಡ. ಐದು ಮಿಲಿಸೆಕೆಂಡಿನಲ್ಲಿ ಅಡಿಕೆ 15 ಮಿಲಿಮೀಟರ್ ಮುಂದೆ ಹೋಗಿರುತ್ತದೆ, ಹತ್ತಿರಹತ್ತಿರ ಒಂದು ಅಡಿಕೆಯ ಉದ್ದ. ಕೆಟ್ಟದ್ದು ಪಾರಾಗಿ, ಅದರ ಹಿಂದಿದ್ದ ಒಳ್ಳೆಯದು ಹೊರಗೆ ಬೀಳುತ್ತಿತ್ತು. ಒಂದೇ ತಪ್ಪಿಗೆ ಎರಡು ನಷ್ಟ.

ಈಗ ಕೆಲಸ ಹಂಚಿದ್ದೇವೆ. ಸಾಲು ಸೋಸುವುದು, ಅಡಿಕೆ ಬಿಡಿಸುವುದು, ಸಮಯದ ಮುದ್ರೆ ಒತ್ತುವುದು, ವಾಲ್ವ್ ತೆರೆಯುವುದು ಎಫ್‌ಪಿಜಿಎ ಹೊಣೆ. 128ಕ್ಕೆ 128 ಪಿಕ್ಸೆಲ್‌ನ ತುಂಡು ಚಿತ್ರ ನೋಡಿ ಜಾತಿ ಹೇಳುವುದು ಜಿಪಿಯು ಹೊಣೆ. ಉತ್ತರ ಗಡುವಿನೊಳಗೆ ಬಾರದಿದ್ದರೆ ಎಫ್‌ಪಿಜಿಎ ಬಣ್ಣದ ಸರಳ ನಿಯಮವೊಂದರಿಂದ ತಾನೇ ತೀರ್ಮಾನಿಸುತ್ತದೆ. ನೀವು ಅಳೆಯಬೇಕಾದದ್ದು ದಿನವೊಂದರಲ್ಲಿ ಅತಿ ತಡವಾದ ಉತ್ತರ ಎಷ್ಟು ತಡ ಎಂಬುದನ್ನು.

7. ತರಬೇತಿಯ ಚಿತ್ರಗಳನ್ನು ಜೆಪೆಗ್ ಮಾಡಬೇಡಿ

ಜೆಪೆಗ್ ಚಿತ್ರವನ್ನು ಎಂಟಕ್ಕೆ ಎಂಟರ ಚೌಕಗಳಾಗಿ ಕತ್ತರಿಸಿ, ಕಣ್ಣಿಗೆ ಅಷ್ಟಾಗಿ ತಿಳಿಯದ ಸೂಕ್ಷ್ಮಗಳನ್ನು ಬಿಟ್ಟುಬಿಡುತ್ತದೆ. ನಮ್ಮ ಬಿರುಕು ಎರಡು ಪಿಕ್ಸೆಲ್ ಅಗಲ. ಜೆಪೆಗ್ ಬಿಟ್ಟುಬಿಡುವ ಸೂಕ್ಷ್ಮಗಳಲ್ಲೇ ನಮ್ಮ ದೋಷವಿದೆ. ಡಿಸ್ಕ್ ಕೊಳ್ಳಿ, ಕಚ್ಚಾ ಚಿತ್ರವನ್ನೇ ಇಡಿ.

8. ಕಾಣದ್ದನ್ನು ಕಂಡೆ ಎನ್ನಬೇಡಿ

ಆ ತಾಯಿ ತೋರಿಸಿದ ಇನ್ನೊಂದು ವಿಷಯ ಇದು. ಎರಡು ಅಡಿಕೆ ಆರಿಸಿ ಕೊಟ್ಟರು, ನೋಡಲು ಒಂದೇ ಥರ. ಸಿಮೆಂಟ್ ನೆಲದ ಮೇಲೆ ಒಂದೊಂದಾಗಿ ಬಿಟ್ಟರು. ಒಂದು ಗಟ್ಟಿ ಸದ್ದು, ಇನ್ನೊಂದು ಪೊಳ್ಳು ಸದ್ದು. ಅಡಕತ್ತರಿಯಲ್ಲಿ ಸೀಳಿದಾಗ ಎರಡನೆಯದರ ಒಳಗೆ ಕಪ್ಪು ಟೊಳ್ಳು. ಮೇಲ್ಮೈಗೆ ಬಾರದ ದೋಷವನ್ನು ಬಣ್ಣದ ಕ್ಯಾಮೆರಾ ಯಾವ ಅಲ್ಗಾರಿದಮ್‌ನಿಂದಲೂ ಹಿಡಿಯಲಾರದು, ಏಕೆಂದರೆ ಆ ಮಾಹಿತಿ ಚಿತ್ರದಲ್ಲೇ ಇಲ್ಲ. ಯಂತ್ರ ಮಾರುವಾಗ ಇದನ್ನು ಬಾಯಿಬಿಟ್ಟು ಹೇಳುತ್ತೇವೆ. ಇದರಿಂದ ಕೆಲವು ಗಿರಾಕಿಗಳು ಕೈತಪ್ಪಿದ್ದಾರೆ. ಉಳಿದವರು ಯಂತ್ರದ ನಂತರವೂ ಅನುಭವಿಗಳ ಕೈಯಲ್ಲಿ ಒಂದು ಸುತ್ತು ಆರಿಸಿಸುತ್ತಾರೆ, ಅದೇ ಸರಿ.

9. ‘ಶೇ 99 ನಿಖರ’ ಎಂಬ ಮಾತನ್ನು ಒಡೆದು ನೋಡಿ

ಸಾವಿರ ಅಡಿಕೆಯಲ್ಲಿ ಹತ್ತು ಕೆಟ್ಟವಿದ್ದರೆ, ಒಂದನ್ನೂ ಊದದ ಯಂತ್ರವೂ ಶೇ 99 ನಿಖರವೇ. ಆದ್ದರಿಂದ ನಾವು ಎರಡು ಸಂಖ್ಯೆ ಬೇರೆಬೇರೆಯಾಗಿ ಬರೆಯುತ್ತೇವೆ: ಕೆಟ್ಟದ್ದರಲ್ಲಿ ಎಷ್ಟು ಪಾರಾಯಿತು, ಒಳ್ಳೆಯದರಲ್ಲಿ ಎಷ್ಟು ಹೊರಬಿತ್ತು. ಕೋಕಾ ಸೇರಿಕೊಂಡರೆ ಇಡೀ ಮೂಟೆಯ ದರ ಇಳಿಯಬಹುದು. ಚಾಲಿ ಹೊರಬಿದ್ದರೆ ಬೆಳೆಗಾರನ ವರ್ಷದ ದುಡಿಮೆ ಕೋಕಾದ ದರಕ್ಕೆ ಹೋಗುತ್ತದೆ. ಯಾವುದು ಎಷ್ಟು ಸಹ್ಯ ಎಂದು ತೀರ್ಮಾನಿಸುವ ಹಕ್ಕು ಅಡಿಕೆ ಯಾರದೋ ಅವರದು. ಅದಕ್ಕೇ ಯಂತ್ರದ ಮುಂದೆ ಒಂದು ತಿರುಗಣೆ ಇಟ್ಟಿದ್ದೇವೆ.

ಇನ್ನೊಂದು ಮಾತು. ಒಂದು ಮೊರ ಅಡಿಕೆಯನ್ನು ಒಬ್ಬರಿಂದಲೇ ವಾರ ಬಿಟ್ಟು ಎರಡು ಸಲ ಆರಿಸಿಸಿದೆ. ಎರಡನೇ ಸಲ ಒಂದು ಬಟ್ಟಲು ತುಂಬುವಷ್ಟು ಅಡಿಕೆ ರಾಶಿ ಬದಲಾಯಿಸಿತು. ಅವರು ಈ ಕೆಲಸದಲ್ಲಿ ಪಳಗಿದವರು. ಗಡಿಯ ಅಡಿಕೆಗಳೇ ಹಾಗೆ. ಈಗ ಅಂಥವಕ್ಕೆ ‘ಗಡಿ’ ಎಂಬ ಬೇರೆ ಗುರುತು ಕೊಟ್ಟು ತರಬೇತಿಯಲ್ಲಿ ಅವುಗಳ ತೂಕ ಇಳಿಸುತ್ತೇವೆ.

10. ದಿನಾ ಸಂಜೆ ಹೊರಬಿದ್ದ ತೊಟ್ಟಿ ಸುರುವಿ ನೋಡಿ

ಅಡಿಕೆಯ ಧೂಳು ಗಾಜಿನ ಮೇಲೆ ನಯವಾಗಿ ಕೂರುತ್ತದೆ, ಬಿಸಿಯಾದಂತೆ ಎಲ್‌ಇಡಿ ಬೆಳಕು ಇಳಿಯುತ್ತದೆ. ಅರ್ಧ ಗಂಟೆಗೊಮ್ಮೆ ಬಿಳಿ ಟೈಲೊಂದು ಕ್ಯಾಮೆರಾದ ಮುಂದೆ ಬಂದು ಹೋಗುವಂತೆ ಮಾಡಿದ್ದೇವೆ. ಅದನ್ನು ನೋಡಿ ಒಂದೊಂದು ಪಿಕ್ಸೆಲ್ಲಿನ ಅಳತೆಯನ್ನೂ ಯಂತ್ರ ಸರಿಪಡಿಸಿಕೊಳ್ಳುತ್ತದೆ. ಆದರೂ ಪರದೆಯ ಮೇಲಿನ ಸಂಖ್ಯೆಗಿಂತ ನಾನು ನಂಬುವುದು ತೊಟ್ಟಿಯನ್ನು. ಕಳೆದ ಸುಗ್ಗಿಯಲ್ಲಿ ಒಂದು ಸಂಜೆ ಗೋಣಿಚೀಲದ ಮೇಲೆ ತೊಟ್ಟಿ ಸುರುವಿದಾಗ ಒಳ್ಳೆಯ ಚಾಲಿ ಎಂದಿಗಿಂತ ಹೆಚ್ಚಿತ್ತು. ಜಾತಿ ಹೇಳುವ ಪ್ರೋಗ್ರಾಮನ್ನು ದೂರಲಿಲ್ಲ. ನಳಿಕೆಗಳ ಕೆಳಗೆ ಅಗಲಕ್ಕೆ ಚಿಕ್ಕ ಚಿಕ್ಕ ಡಬ್ಬ ಸಾಲಾಗಿ ಇಟ್ಟು ಹತ್ತು ನಿಮಿಷ ಓಡಿಸಿದೆವು. ಒಳ್ಳೆಯ ಅಡಿಕೆ ಪೂರಾ ಒಂದೇ ಡಬ್ಬಕ್ಕೆ ಬಿದ್ದಿತ್ತು, ಎಡದಿಂದ ಹದಿನೇಳನೆಯದಕ್ಕೆ. ಆ ವಾಲ್ವಿನ ರಬ್ಬರು ಸವೆದು, ತೆರೆದದ್ದು ತಡವಾಗಿ ಮುಚ್ಚಿಕೊಳ್ಳುತ್ತಿತ್ತು. ಬದಲಾಯಿಸಿ ಮತ್ತೆ ಅದೇ ರಾಶಿಯನ್ನು ಮೇಲಿನಿಂದ ಸುರಿದೆವು.