ಶಾಲ್: ತಾತಿ ಮಾತಾಡುವ ಒಂದು ಪುಟ್ಟ ಪಟ್ಟಣ

ಇರಾನಿನ ಕಜ್ವೀನ್ ಪ್ರಾಂತ್ಯದಲ್ಲಿ ಶಾಲ್ ಅನ್ನೋ ಪಟ್ಟಣ ಇದೆ. ಜನಸಂಖ್ಯೆ ಸುಮಾರು 15 ಸಾವಿರ. ಇಲ್ಲಿಯ ಮನೆಮಾತು ತಾತಿ. ಅದೇ ಪ್ರಾಂತ್ಯದ ತಾಕೆಸ್ತಾನ್ ನಗರದಲ್ಲೂ ಈ ಭಾಷೆಯ ಇನ್ನೊಂದು ರೂಪ ಇದೆ. 2016ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 80 ಸಾವಿರ.

ತಾತಿ ಅಂದ್ರೆ ಪರ್ಶಿಯನ್ನಿನ ಹಳ್ಳಿ ರೂಪ ಅಂದ್ಕೋಬೇಡಿ. ಪರ್ಶಿಯನ್ ನೈಋತ್ಯ ಇರಾನಿ ಗುಂಪಿನದು, ತಾತಿ ವಾಯವ್ಯ ಗುಂಪಿನದು. ಕಾಕಸಸ್ ಕಡೆಯ 'ತಾತ್' ಭಾಷೆಯೂ ಬೇರೆಯೇ. ಎರಡು ಮುಖ್ಯ ವ್ಯತ್ಯಾಸ ನೋಡೋಣ.

1. ಲಿಂಗ: ಪರ್ಶಿಯನ್‌ನಲ್ಲಿ 'ಅವನು', 'ಅವಳು' ಎರಡಕ್ಕೂ 'ಊ' ಒಂದೇ ಪದ. ಶಾಲ್‌ನ ತಾತಿಯಲ್ಲಾದರೆ ನಾಮಪದಗಳಲ್ಲಿ ಪುಲ್ಲಿಂಗ, ಸ್ತ್ರೀಲಿಂಗ ಎಂಬ ಭೇದ ಉಳಿದಿದೆ.

2. ಭೂತಕಾಲ: 'ಅವನು ರೊಟ್ಟಿ ತಿಂದನು' ಎಂಬಲ್ಲಿ ಕನ್ನಡದ ಕ್ರಿಯಾಪದ ಕರ್ತೃವಿನ ಹಿಂದೆ ಹೋಗುತ್ತೆ. ಹಿಂದಿಯ 'ಉಸ್‌ನೇ ರೋಟೀ ಖಾಯೀ'ಯಲ್ಲಿ ಕರ್ಮದ ಹಿಂದೆ. ಸಕರ್ಮಕ ಭೂತಕಾಲದಲ್ಲಿ ತಾತಿ ಹಿಡಿಯೋದು ಈ ಎರಡನೇ ದಾರಿಗೆ ಹತ್ತಿರದ ದಾರಿ.

ಇದನ್ನೆಲ್ಲ ವಿವರವಾಗಿ ದಾಖಲಿಸಿದವರು ಎಹ್ಸಾನ್ ಯಾರ್‌ಶಾತರ್. ದಕ್ಷಿಣ ತಾತಿ ಉಪಭಾಷೆಗಳ ಬಗ್ಗೆ ಅವರ ವ್ಯಾಕರಣ ಗ್ರಂಥ 1969ರಲ್ಲಿ ಬಂತು. ಶಾಲ್‌ನ ಮಾತನ್ನು ಅವರು 'ಚಾಲಿ' ಅಂತ ಕರೆದರು.

ಈಗ ಆ 15 ಸಾವಿರಕ್ಕೆ ಬರೋಣ. ಜನಗಣತಿ ಎಣಿಸಿದ್ದು ತಲೆಗಳನ್ನು, ಮಾತನ್ನಲ್ಲ. ಶಾಲೆ, ಕಚೇರಿ, ಟಿವಿ ಎಲ್ಲ ಪರ್ಶಿಯನ್‌ನಲ್ಲಿ. ಹಿಂದೆ ವಾಯವ್ಯ ಇರಾನಿನ ಬಹುಪಾಲು ಊರುಗಳಲ್ಲಿ ಇಂಥ ಮಾತುಗಳ ಜಾಗಕ್ಕೆ ತುರ್ಕಿ ಭಾಷೆ ಬಂತು. ಜನ ಅಲ್ಲೇ ಇದ್ದರು, ಮಾತು ಹೋಯಿತು. ಹಾಗಾಗಿ ಒಂದು ಊರಿನ ಜನಸಂಖ್ಯೆ ಏರುತ್ತಿರುವಾಗಲೇ ಅದರ ಭಾಷೆ ಕರಗಬಹುದು. ಭಾಷೆಯ ಆರೋಗ್ಯ ತಿಳಿಯಬೇಕಂದ್ರೆ ಕೇಳಬೇಕಾದ ಪ್ರಶ್ನೆ ಒಂದೇ: ಅಲ್ಲಿನ ಮಕ್ಕಳು ತಮ್ಮ ತಮ್ಮಲ್ಲೇ ಆಡಿಕೊಳ್ಳೋದು ಯಾವ ಮಾತಲ್ಲಿ?