ಅಲ್ಲಮನ ಶೋಕ: ತರುಣರಿಗೊಂದು ಪಾಠ

ಹರಿಹರನ ‘ಪ್ರಭುದೇವರ ರಗಳೆ’ಯ ಅಲ್ಲಮನು ಮೊದಲಿಗೆ ವಿರಾಗಿಯಲ್ಲ, ಮದ್ದಳೆ ನುಡಿಸುವ ತರುಣ. ಪ್ರಿಯೆ ಕಮಲತೆಯು ಜ್ವರದಿಂದ ಮಡಿದಾಗ ಅವನ ಲೋಕವೇ ಬರಿದಾಯಿತು. ಅವಳನ್ನೇ ಹಂಬಲಿಸುತ್ತ ಅಲೆದನು. ಮಂಕುಕವಿದು ಕುಳಿತು ಕಾಲುಗುರಿನಿಂದ ನೆಲ ಕೆದಕುತ್ತಿರಲು, ಹೂತುಹೋದ ಗುಡಿಯ ಕಳಸ ಕಂಡಿತು. ಒಳಗೆ ಗುರು ಅನಿಮಿಷನು ದೊರೆತನು.

ಚಾಮರಸನ ‘ಪ್ರಭುಲಿಂಗಲೀಲೆ’ಯು ಈ ಶೋಕವನ್ನು ಒಪ್ಪದು, ಅಲ್ಲಿ ಪ್ರಭುವು ಮಾಯೆಗೆ ಸಿಲುಕದವನು. ಹರಿಹರನಾದರೋ ದುಃಖವನ್ನು ಮರೆಮಾಚಲಿಲ್ಲ. ಆ ಅಲ್ಲಮನೇ ಕಲ್ಯಾಣದ ಶೂನ್ಯಸಿಂಹಾಸನವನ್ನೇರಿದನೆಂದು ಶರಣಪರಂಪರೆ ನಂಬುತ್ತದೆ. ಶೋಕವು ಅವನಿಗೆ ಕಳಂಕವಾಗಲಿಲ್ಲ.

ಆದರೆ ಪ್ರತಿ ತರುಣನಿಗೂ ಅನಿಮಿಷನು ದೊರೆಯುವುದಿಲ್ಲ. 2022ರಲ್ಲಿ ಭಾರತದಲ್ಲಿ 1,70,924 ಜನರು ಆತ್ಮಹತ್ಯೆಯಿಂದ ಅಗಲಿದರೆಂದು ಸರ್ಕಾರದ ದಾಖಲೆಯಿದೆ. ಅವರಲ್ಲಿ ಎಷ್ಟೋ ಮಂದಿ ಮನೆಯ ಕಣ್ಮಣಿಗಳು. ಖಿನ್ನತೆಯು ರೋಗ, ಮನಸ್ಸಿನ ದೌರ್ಬಲ್ಯವಲ್ಲ, ಪೂರ್ವಕರ್ಮದ ಫಲವೂ ಅಲ್ಲ. ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಿ ಆರೈಕೆ ನೀಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ.

ಅಗಲಿದ ತರುಣನನ್ನು ನೆನೆಯುವುದು ಹೇಗೆ? ಅವನ ಕೊನೆಯ ಗಳಿಗೆಯಿಂದಲ್ಲ, ಬದುಕಿದ ದಿನಗಳಿಂದ. ಹುಮನಾಬಾದದ ವೀರಭದ್ರೇಶ್ವರ ಜಾತ್ರೆಯಲ್ಲಿ ಜೊತೆಗೂಡಿ ನಡೆದ ಗೆಳೆಯನ ನಗುವನ್ನು ಹೇಳಿಕೊಳ್ಳಲಿ. ತಾಯಿಯ ಮುಂದೆ ಅವನ ಹೆಸರೆತ್ತಲು ಅಂಜದಿರಲಿ. ತಪ್ಪು ಯಾರದೆಂದು ಹುಡುಕದಿರಲಿ.

ಬಸವಕಲ್ಯಾಣದ ಅನುಭವ ಮಂಟಪದಲ್ಲಿ ಮಡಿವಾಳನೂ ಅಂಬಿಗನೂ ಮನದ ಮಾತನ್ನು ಬಿಚ್ಚಿ ನುಡಿದರು. ವಿದ್ಯಾರ್ಥಿಗಳೂ ಹಾಗೆಯೇ ನುಡಿಯಲಿ. ಮನ ಕುಸಿದಾಗ ಗುರುಹಿರಿಯರಿಗೆ, ವೈದ್ಯರಿಗೆ ತಿಳಿಸಲಿ. ಹಗಲಿರುಳೂ ಉಚಿತವಾಗಿ ದೊರೆಯುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಲಿ. ಕೇಳುವ ಕಿವಿಯೇ ಅನಿಮಿಷನ ಮೊದಲ ರೂಪ.