ವಿದ್ಯಾರ್ಥಿಗಳ ವಸತಿಯ ಪ್ರಶ್ನೆ

ಪರಸ್ಥಳದಿಂದ ಓದಲು ಬಂದ ವಿದ್ಯಾರ್ಥಿಗೆ ಎರಡು ಪರೀಕ್ಷೆಗಳಿರುತ್ತವೆ. ಒಂದನ್ನು ವಿಶ್ವವಿದ್ಯಾಲಯವು ನಡೆಸುತ್ತದೆ. ಅದರ ವೇಳಾಪತ್ರಿಕೆಯು ಕಾಲೇಜಿನ ಫಲಕದ ಮೇಲೆ ಬರುತ್ತದೆ. ಅದರಲ್ಲಿ ನಪಾಸಾದವನು ಮತ್ತೊಮ್ಮೆ ಕೂಡ್ರಬಹುದು. ಇನ್ನೊಂದನ್ನು ಊರು ನಡೆಸುತ್ತದೆ. ಪ್ರವೇಶ ದೊರೆತ ದಿನವೇ ಅದು ಆರಂಭವಾಗುತ್ತದೆ, ಅದರಲ್ಲಿ ಕೇಳುವ ಪ್ರಶ್ನೆ ಒಂದೇ: “ಇರೂದು ಎಲ್ಲಿ?” ಇದಕ್ಕೆ ಉತ್ತರ ದೊರೆಯದವನ ಹೆಸರು ಯಾವ ಫಲಿತಾಂಶದಲ್ಲಿಯೂ ಪ್ರಕಟವಾಗುವದಿಲ್ಲ. ರಜೆಗೆಂದು ಊರಿಗೆ ಹೋದವನು ತಿರುಗಿ ಬರುವದಿಲ್ಲ, ಅಷ್ಟೇ.

ಈ ಲೇಖನದಲ್ಲಿ ವಿದ್ಯಾರ್ಥಿಗಳ ವಸತಿಯ ಪ್ರಶ್ನೆಯನ್ನು ಮೊದಲು ಇತಿಹಾಸದ ದೃಷ್ಟಿಯಿಂದ, ಅನಂತರ ನಮ್ಮ ಮುದ್ದೇಬಿಹಾಳದ ಇಂದಿನ ಪರಿಸ್ಥಿತಿಯ ದೃಷ್ಟಿಯಿಂದ ವಿಚಾರಿಸಬೇಕೆಂದಿದ್ದೇನೆ. ವಸತಿಯು ವಿದ್ಯೆಗೆ ಹೊರಗಿನ ವಿಷಯವಲ್ಲ, ಅದರ ಒಂದು ಅಂಗವೇ ಆಗಿದೆ. ಆದುದರಿಂದ ಅದರ ಹೊಣೆಯು ವಿದ್ಯಾರ್ಥಿಯೊಬ್ಬನದಲ್ಲ, ಕಾಲೇಜು ಇರುವ ಊರಿನದೂ ಹೌದು ಎಂಬದು ನನ್ನ ಅಭಿಪ್ರಾಯ.

ಇದಕ್ಕೆ ಸಾಕ್ಷಿಯನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ಒಂದು ಕಂಬದ ಶಾಸನವು ದೊರೆತಿದೆ. ಅದು ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ್ದು, ಕ್ರಿ.ಶ. 945ನೆಯ ವರ್ಷದ್ದು. ಆಗ ಆ ಊರಿಗೆ ಪಾವಿಟ್ಟಗೆ ಎಂದು ಹೆಸರಿದ್ದಿತು. ಕೃಷ್ಣನ ಮಂತ್ರಿಯಾದ ನಾರಾಯಣನೆಂಬವನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ಬೇರೆ ಬೇರೆ ಸೀಮೆಗಳಿಂದ ವಿದ್ಯಾರ್ಥಿಗಳು ಓದಲು ಬಂದರು. ಅವರ ವಾಸಕ್ಕೆಂದು 27 ಮನೆಗಳನ್ನೂ, ರಾತ್ರಿ ಓದುವ ದೀಪದ ವೆಚ್ಚಕ್ಕೆಂದು 12 ನಿವರ್ತನ ಭೂಮಿಯನ್ನೂ ಬಿಟ್ಟುಕೊಟ್ಟ ಸಂಗತಿಯು ಆ ಕಲ್ಲಿನ ಮೇಲಿದೆ. ಊರಿನ ಬ್ರಾಹ್ಮಣ ಕುಟುಂಬಗಳು ತಮ್ಮ ಮನೆಯ ಮದುವೆಗೆ ಐದು, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಅದಕ್ಕೂ ಕಡಿಮೆ ನಾಣ್ಯಗಳನ್ನು ಶಾಲೆಗೆ ಕೊಡಲು ಒಪ್ಪಿಕೊಂಡವು. ಶಾಲೆ ಕಟ್ಟಿಸಿದವರು ಪಾಠದ ಜೊತೆಗೆ ಮಲಗುವ ಮನೆ, ಉರಿಯುವ ದೀಪ ಇವುಗಳನ್ನೂ ಎಣಿಸಿದ್ದರೆಂಬದು ಗಮನಿಸತಕ್ಕ ಸಂಗತಿ. ಆ 27 ಮನೆಗಳು ಒಂದೇ ವರ್ಣದ ವಿದ್ಯಾರ್ಥಿಗಳಿಗೆ ಮೀಸಲಾಗಿದ್ದವೆಂಬದನ್ನೂ ಇಲ್ಲಿ ಮರೆಯಬಾರದು. ಅಂದಿನಿಂದ ಇಂದಿನವರೆಗೆ ವಸತಿಯ ಇತಿಹಾಸವೆಲ್ಲವೂ ಈ ಎರಡು ಮಾತುಗಳ ನಡುವೆಯೇ ನಡೆದಿದೆ: ಸೂರು ಇದೆಯೇ? ಇದ್ದರೆ ಯಾರಿಗೆ ಇದೆ?

ಪಶ್ಚಿಮ ದೇಶಗಳಲ್ಲಿಯೂ ಈ ಪ್ರಶ್ನೆ ಹಳೆಯದೇ. ಪ್ಯಾರಿಸ್ಸಿನಲ್ಲಿ ಜಗತ್ಪ್ರಸಿದ್ಧವಾದ ಸೋರ್ಬೋನ್ ಕಾಲೇಜನ್ನು 1257ರಲ್ಲಿ ರೋಬೆರ್ ದ ಸೋರ್ಬೋನನು ಸ್ಥಾಪಿಸಿದ್ದು ಬಡ ಧರ್ಮಶಾಸ್ತ್ರ ವಿದ್ಯಾರ್ಥಿಗಳ ವಸತಿಗೃಹವೆಂದೇ. ಆಕ್ಸಫರ್ಡಿನಲ್ಲಿ 1209ರಲ್ಲಿ ಊರವರಿಗೂ ವಿದ್ಯಾರ್ಥಿಗಳಿಗೂ ದೊಡ್ಡ ಜಗಳವಾಗಿ ಅನೇಕರು ಊರು ಬಿಟ್ಟು ಕೇಂಬ್ರಿಜ್ಜಿಗೆ ಹೋದರು. 1214ರಲ್ಲಿ ಪೋಪರ ಪ್ರತಿನಿಧಿಯು ರಾಜಿ ಮಾಡಿಸಿದಾಗ, ಹತ್ತು ವರ್ಷಗಳವರೆಗೆ ವಿದ್ಯಾರ್ಥಿಗಳಿಂದ ಅರ್ಧ ಬಾಡಿಗೆಯನ್ನೇ ತೆಗೆದುಕೊಳ್ಳಬೇಕೆಂದು ಊರವರಿಗೆ ವಿಧಿಸಿದನು. ಮುಂದೆ 1231ರಲ್ಲಿ ಕೇಂಬ್ರಿಜ್ಜಿನಲ್ಲಿ ಬಾಡಿಗೆ ವಿಪರೀತವಾದಾಗ, ಇಬ್ಬರು ಅಧ್ಯಾಪಕರೂ ಊರಿನ ಇಬ್ಬರು ಸದ್ಗೃಹಸ್ಥರೂ ಕೂಡಿ ಬಾಡಿಗೆಯನ್ನು ಗೊತ್ತುಪಡಿಸತಕ್ಕದ್ದೆಂದು ಮೂರನೆಯ ಹೆನ್ರಿ ಅರಸನು ಆಜ್ಞೆ ಮಾಡಿದನು. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ನನಗೆ ಅದರ ಪ್ರಯೋಜನವಿದೆ.

ಇನ್ನು ನಮ್ಮ ನಾಡಿನ ಸಮೀಪದ ಇತಿಹಾಸಕ್ಕೆ ಬರೋಣ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವ ಮೊದಲು ನಮ್ಮ ಭಾಗದ ತರುಣರು ಪುಣೆ, ಮುಂಬಯಿಗಳಿಗೆ ಹೋಗಿ ಓದಬೇಕಾಗಿದ್ದಿತು. ವಿಜಯಪುರದಲ್ಲಿ ಕಾಲೇಜು ಬಂದದ್ದು 1945ರಲ್ಲಿ. ಊರು ಬಿಟ್ಟು ಓದಲು ಹೋದ ಬಡವರ ಮಕ್ಕಳಿಗೆ ಆಗ ಎರಡು ದಾರಿಗಳಿದ್ದವು. ಒಂದು ವಾರಾನ್ನ: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆಗಳ ಊಟ. ಅದೂ ಎಲ್ಲ ಜಾತಿಯ ಹುಡುಗರಿಗೆ ದೊರೆಯುತ್ತಿರಲಿಲ್ಲ. ಇನ್ನೊಂದು ದಾರಿ ಮಠಗಳದು. ಕರ್ನಾಟಕ ಕಾಲೇಜು ಹುಟ್ಟಿದ ಕಾಲದಲ್ಲಿಯೇ ಧಾರವಾಡದ ಮುರುಘಾಮಠದಲ್ಲಿ ಶ್ರೀ ಮೃತ್ಯುಂಜಯ ಅಪ್ಪಗಳು ಉಚಿತ ಪ್ರಸಾದ ನಿಲಯವನ್ನು ತೆರೆದರು. ಹಳ್ಳಿಯ ರೈತರು ಮಠಕ್ಕೆ ಕೊಟ್ಟ ಜೋಳವು ಕಾಲೇಜಿನ ಹುಡುಗರ ತಾಟಿನಲ್ಲಿ ರೊಟ್ಟಿಯಾಯಿತು. ಇಂಥ ನಿಲಯಗಳು ಇಲ್ಲದಿದ್ದರೆ ಉತ್ತರ ಕರ್ನಾಟಕದ ಎಷ್ಟೋ ಶಿಕ್ಷಕರು, ವಕೀಲರು, ಅಧಿಕಾರಿಗಳು ನೇಗಿಲಿನ ಹಿಂದೆಯೇ ಉಳಿಯುತ್ತಿದ್ದರು.

ಪದವಿಯೊಂದೇ ಇದ್ದು ಸೂರು ಇಲ್ಲದಿದ್ದರೆ ಏನಾಗುತ್ತದೆಂಬದಕ್ಕೆ ಡಾ. ಬಾಬಾಸಾಹೇಬ ಅಂಬೇಡಕರರ ಅನುಭವಕ್ಕಿಂತ ದೊಡ್ಡ ನಿದರ್ಶನವು ಬೇಡ. ಅಮೆರಿಕೆ, ಇಂಗ್ಲೆಂಡುಗಳಲ್ಲಿ ಓದಿ 1917ರಲ್ಲಿ ಬಡೋದೆ ಸಂಸ್ಥಾನದ ನೌಕರಿಗೆ ಬಂದ ಅವರಿಗೆ ಆ ಊರಿನಲ್ಲಿ ಇರಲು ಸ್ಥಳವಿರಲಿಲ್ಲ. ಪಾರಸೀ ಹೆಸರಿನಿಂದ ಒಂದು ಪಾರಸೀ ವಸತಿಗೃಹದಲ್ಲಿ ಇಳಿದುಕೊಂಡರು. ಹನ್ನೊಂದನೆಯ ದಿನ ಬಡಿಗೆ ಹಿಡಿದ ಜನರು ಬಂದು ಹೊರಗೆ ಹಾಕಿದರು. ಒಬ್ಬ ಹಿಂದೂ ಸ್ನೇಹಿತ, ಒಬ್ಬ ಕ್ರೈಸ್ತ ಸ್ನೇಹಿತ, ಇಬ್ಬರೂ ನೆವ ಹೇಳಿದರು. ರಾತ್ರಿಯ ಗಾಡಿಯ ವೇಳೆಯವರೆಗೆ ಒಂದು ಉದ್ಯಾನದಲ್ಲಿ ಕುಳಿತು ಅವರು ಮುಂಬಯಿಗೆ ಮರಳಿದರು. ಇದನ್ನು ಅವರೇ ಬರೆದಿಟ್ಟಿದ್ದಾರೆ. ಮುಂದೆ ಅವರು 1924ರಲ್ಲಿ ಬಹಿಷ್ಕೃತ ಹಿತಕಾರಿಣೀ ಸಭೆಯನ್ನು ಸ್ಥಾಪಿಸಿದರು. ಆ ಸಭೆಯು ಮೊದಲು ಕೈಕೊಂಡ ಕೆಲಸಗಳಲ್ಲಿ ಒಂದೆಂದರೆ 1925ರಲ್ಲಿ ನಮ್ಮ ನೆರೆಯ ಸೊಲ್ಲಾಪುರದಲ್ಲಿ ವಿದ್ಯಾರ್ಥಿನಿಲಯವನ್ನು ತೆರೆದದ್ದು. 1929ರಲ್ಲಿ ಧಾರವಾಡದಲ್ಲಿಯೂ ಅವರು ಒಂದು ವಿದ್ಯಾರ್ಥಿನಿಲಯವನ್ನು ಸ್ಥಾಪಿಸಿದರು.

ಕೊಲ್ಲಾಪುರದ ಶಾಹೂ ಮಹಾರಾಜರು 1901ರಿಂದ ಮುಂದೆ ಬೇರೆ ಬೇರೆ ಸಮಾಜಗಳಿಗೆ ಬೇರೆ ಬೇರೆ ಬೋರ್ಡಿಂಗುಗಳನ್ನು ತೆರೆಸಿದರು. ಅಂದಿನ ಕಾಲಕ್ಕೆ ಅದು ಬಹು ದೊಡ್ಡ ಹೆಜ್ಜೆ. ಅಲ್ಲಿಯ ಜೈನ ಬೋರ್ಡಿಂಗಿನಲ್ಲಿದ್ದ ಭಾವುರಾವ ಪಾಟೀಲರೆಂಬ ವಿದ್ಯಾರ್ಥಿಯು ಅಸ್ಪೃಶ್ಯ ವಿದ್ಯಾರ್ಥಿಗಳ ನಿಲಯದ ಸಮಾರಂಭಕ್ಕೆ ಹೋಗಿ ಬಂದು, ಸ್ನಾನ ಮಾಡಿ ಶುದ್ಧನಾಗಲು ಒಪ್ಪದೆ ಬೋರ್ಡಿಂಗನ್ನು ಬಿಡಬೇಕಾಯಿತೆಂದು ಅವರ ಚರಿತ್ರೆಯಲ್ಲಿ ಹೇಳುತ್ತಾರೆ. ಇದೇ ಭಾವುರಾವ ಪಾಟೀಲರು 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಹುಡುಗರೂ ಒಂದೇ ಒಲೆಯ ಅಡಿಗೆ ಉಣ್ಣುವ ಬೋರ್ಡಿಂಗನ್ನು ತೆರೆದರು. 1927ರಲ್ಲಿ ಮಹಾತ್ಮಾ ಗಾಂಧಿಯವರು ಅಲ್ಲಿಗೆ ಬಂದಿದ್ದರು. ‘ಸೂರು ಇದೆಯೇ’ ಎಂಬ ಪ್ರಶ್ನೆಗೆ ಶಾಹೂ ಮಹಾರಾಜರು ಉತ್ತರ ಕೊಟ್ಟರು. ‘ಯಾರಿಗೆ’ ಎಂಬ ಪ್ರಶ್ನೆಗೆ ಭಾವುರಾವರು ಉತ್ತರ ಕೊಟ್ಟರು.

ಸ್ವಾತಂತ್ರ್ಯಾನಂತರ ಈ ಹೊಣೆಯ ಬಹುಭಾಗವನ್ನು ಸರಕಾರವು ಹೊತ್ತುಕೊಂಡಿದೆ. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ವಿದ್ಯಾರ್ಥಿನಿಲಯಗಳು ತಾಲೂಕು ಕೇಂದ್ರಗಳವರೆಗೆ ಬಂದಿವೆ. ನಿಲಯಗಳಲ್ಲಿ ಸ್ಥಳ ಸಿಗದವರಿಗೆಂದು 2013-14ರಲ್ಲಿ ‘ವಿದ್ಯಾಸಿರಿ’ ಯೋಜನೆಯು ಆರಂಭವಾದಾಗ ಊಟ ವಸತಿಗಳಿಗಾಗಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವದಾಯಿತು. ಇದು ದೊಡ್ಡ ಉಪಕಾರವೇ. ಆದರೆ ಹಣವು ವಿದ್ಯಾರ್ಥಿಯ ಖಾತೆಗೆ ಬರುತ್ತದೆಯೇ ಹೊರತು ಖೋಲಿಯ ಕೀಲಿಕೈಯನ್ನು ಯಾವ ಸರಕಾರವೂ ಖಾತೆಗೆ ಹಾಕಲಾರದು. ಅದು ಮನೆಯ ಮಾಲಕರ ಕೈಯಲ್ಲಿದೆ.

ಈಗ ಮುದ್ದೇಬಿಹಾಳವನ್ನು ನೋಡೋಣ. ಇಲ್ಲಿ ಓದಲು ಬರುವವರಲ್ಲಿ ಮೂರು ಬಗೆಯವರು ಕಾಣುತ್ತಾರೆ.

ಮೊದಲನೆಯವರು ನಾಲತವಾಡ, ಢವಳಗಿ, ತಾಳಿಕೋಟಿಗಳ ಕಡೆಯಿಂದ ದಿನಾಲು ಬಸ್ಸಿನಲ್ಲಿ ಬಂದು ಹೋಗುವವರು. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯ ಮೂಲಕ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚು ತಪ್ಪಿತು. ಮನೆಯಲ್ಲಿ ಕುಳಿತಿದ್ದ ಅನೇಕ ತಂಗಿಯರು ಕಾಲೇಜಿನ ಮೆಟ್ಟಲು ಹತ್ತಿದರು. ಆದರೆ ಬಸ್ಸಿನ ವೇಳೆಯೇ ಅವರ ವೇಳಾಪತ್ರಿಕೆ. ಮೊದಲನೆಯ ತಾಸು ಅರ್ಧ, ಕೊನೆಯ ತಾಸು ಅರ್ಧ. ಗ್ರಂಥಾಲಯವಂತೂ ಇಲ್ಲವೇ ಇಲ್ಲ.

ಎರಡನೆಯವರು ನಿಲಯದಲ್ಲಿಯೋ ಬಂಧುಗಳ ಮನೆಯಲ್ಲಿಯೋ ಇರುವವರು. ಬಂಧುಗಳ ಮನೆಗೆ ಬಾಡಿಗೆ ಇಲ್ಲವೆಂದು ನಾವು ತಿಳಿಯುತ್ತೇವೆ. ಹುಡುಗಿಯಾದರೆ ಆ ಬಾಡಿಗೆಯನ್ನು ಮುಸುರೆ ತಿಕ್ಕಿ, ರೊಟ್ಟಿ ಬಡಿದು, ಕೂಸು ಎತ್ತಿಕೊಂಡು ಸಲ್ಲಿಸಬೇಕಾಗುತ್ತದೆ. ಆಕೆಯ ಪುಸ್ತಕವು ತೆರೆಯುವದು ಮನೆಯವರೆಲ್ಲ ಮಲಗಿದ ಮೇಲೆ. ಬೇರೆ ಖೋಲಿ ಹಿಡಿಯೋಣವೆಂದರೆ, ಹೆಣ್ಣುಮಕ್ಕಳಿಗೆ ಖೋಲಿ ಕೊಟ್ಟರೆ ಮಂದಿ ಏನೆಂದಾರು ಎಂದು ಮಾಲಕರು ಅಂಜುತ್ತಾರೆ.

ಮೂರನೆಯವರು ಖೋಲಿ ಹಿಡಿದು ಇರುವವರು. ಒಂದು ಖೋಲಿಯಲ್ಲಿ ಮೂವರು ನಾಲ್ವರು. ಒಂದು ದೀಪ, ನಾಲ್ಕು ಚಾಪೆ. ಊರಿನಿಂದ ತಾಯಂದಿರು ಮುಂಜಾನೆಯ ಬಸ್ಸಿಗೆ ಇಟ್ಟು ಕಳಿಸುವ ಬುತ್ತಿಯ ಗಂಟು ಅವರ ಖಾನಾವಳಿ; ಖಡಕ್ ರೊಟ್ಟಿ ಶೇಂಗಾ ಹಿಂಡಿಗಳಿಂದ ವಾರ ಕಳೆಯುತ್ತದೆ. ಇವರಲ್ಲಿ ಕೆಲವರಿಗೆ ಆ ಗಂಟೂ ಬರುವದಿಲ್ಲ. ಮಳೆ ಕೈಕೊಟ್ಟಾಗ ತಂದೆ ತಾಯಿಗಳು ಗೋವೆಗೋ ಮಹಾರಾಷ್ಟ್ರದ ಕಬ್ಬು ಕಡಿಯುವ ಕೆಲಸಕ್ಕೋ ಗುಳೆ ಹೋಗುತ್ತಾರೆ. ಊರಿನ ಮನೆಗೆ ಕೀಲಿ ಬೀಳುತ್ತದೆ. ಅಂಥ ಹುಡುಗನಿಗೆ ಮುದ್ದೇಬಿಹಾಳದ ಖೋಲಿಯೇ ಮನೆ.

ನಾನೂ ನನ್ನ ಇಬ್ಬರು ಗೆಳೆಯರೂ ಖೋಲಿ ಹುಡುಕಲು ಹೊರಟಾಗ ನಮ್ಮ ಮೂವರದೂ ಬೇರೆ ಬೇರೆ ಸಮಾಜ. ಒಂದು ಮನೆಯಲ್ಲಿ ಬಾಡಿಗೆ, ಮುಂಗಡ, ನೀರು, ಎಲ್ಲ ಮಾತೂ ಮುಗಿದವು. ಕೊನೆಗೆ ಮನೆಯ ಹಿರಿಯರು, “ಅಂದಂಗ ತಮ್ಮಾ, ನೀವು ಯಾವ ಪೈಕಿ?” ಎಂದು ಕೇಳಿದರು. ಮೂರೂ ಉತ್ತರಗಳನ್ನು ಕೇಳಿದ ಮೇಲೆ, ಆ ಖೋಲಿಯು ಮಗಳ ಬಾಣಂತನಕ್ಕೆ ಬೇಕಾಗುತ್ತದೆಂಬದು ಅವರಿಗೆ ನೆನಪಾಯಿತು. “ನನ್ನ ಸಲುವಾಗಿ ನೀವ್ಯಾಕ ಅಡ್ಡಾಡ್ತೀರಿ? ನೀವಿಬ್ಬರೂ ಹಿಡೀರಿ, ನಾ ಬಸ್ಸಿಗೆ ಬರ್ತೀನಿ” ಎಂದು ನಮ್ಮಲ್ಲೊಬ್ಬನು ಹೇಳಿದನು. ನಾವು ಒಪ್ಪಲಿಲ್ಲ. ಮೂವರಿಗೂ ಸೇರಿ ಖೋಲಿ ದೊರೆಯಲು ಹದಿನೆಂಟು ದಿನ ಹಿಡಿಯಿತು. ಆ ಹದಿನೆಂಟು ದಿನಗಳ ಪಾಠದ ಟಿಪ್ಪಣಿಯು ನಮ್ಮ ಯಾರ ವಹಿಯಲ್ಲಿಯೂ ಇಲ್ಲ. ಆ ಹಿರಿಯರು ಕೆಟ್ಟವರೆಂದು ನಾನು ಹೇಳುವದಿಲ್ಲ. ನಮಗೆ ಕುಡಿಯಲು ಚಹಾ ಕೊಟ್ಟೇ ಕಳಿಸಿದರು. ಆದರೆ ಅವರಿಗೆ ಮರೆತು ಹೋಗುವಷ್ಟು ಸಣ್ಣ ಮಾತು ನನ್ನ ಗೆಳೆಯನಿಗೆ ಓದು ಬಿಡುವಷ್ಟು ದೊಡ್ಡದಾಗಿದ್ದಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯೆಂದು ಹೆಸರು ಪಡೆಯಿತು. ಅಸ್ಪೃಶ್ಯತೆಯ ಕಾರಣದಿಂದ ಸಾರ್ವಜನಿಕ ವಿದ್ಯಾರ್ಥಿನಿಲಯದಲ್ಲಿ ಪ್ರವೇಶ ನಿರಾಕರಿಸುವದನ್ನೂ, ಊರಿನಲ್ಲಿ ವಾಸದ ಮನೆ ಹಿಡಿಯದಂತೆ ತಡೆಯುವದನ್ನೂ ಅದು ಅಪರಾಧವೆಂದು ಎಣಿಸುತ್ತದೆ. ಆದರೆ ‘ಬಾಣಂತನ’ ಎಂಬ ಉತ್ತರವನ್ನು ಯಾವ ನ್ಯಾಯಾಲಯದ ಮುಂದೆ ಒಯ್ಯುವದು?

ಮಾಲಕರ ಕಡೆಯ ಮಾತನ್ನೂ ಹೇಳದಿದ್ದರೆ ನ್ಯಾಯವಾಗದು. ಪರೀಕ್ಷೆ ಮುಗಿದೊಡನೆ ಕೊನೆಯ ತಿಂಗಳ ಬಾಡಿಗೆ ಕೊಡದೆ ಹೋದವರು, ನಡುರಾತ್ರಿಯವರೆಗೆ ಗದ್ದಲ ಮಾಡಿದವರು, ನಳ ತೆರೆದಿಟ್ಟು ಊರಿಗೆ ಹೋದವರು ನಮ್ಮಲ್ಲಿ ಇಲ್ಲವೆಂದಲ್ಲ. ಒಬ್ಬನು ಮಾಡಿದ್ದನ್ನು ಅವನ ಹಿಂದೆ ಬರುವ ಹತ್ತು ಜನರು ಉಣ್ಣಬೇಕಾಗುತ್ತದೆ.

ಆದುದರಿಂದ ಹೊಸ ವಿದ್ಯಾರ್ಥಿಮಿತ್ರರಿಗೆ ಕೆಲವು ಸೂಚನೆಗಳು. ಕರಾರನ್ನು ಬಾಯಿಮಾತಿಗೆ ಬಿಡಬೇಡಿರಿ. ಒಂದು ವರ್ಷಕ್ಕೂ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಬೇಕಾಗುತ್ತದೆ. ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದದ್ದು ಅದಕ್ಕಾಗಿಯೇ. ಅದರಲ್ಲಿ ಬಾಡಿಗೆ, ಮುಂಗಡ, ಮುಂಗಡ ಮರಳಿ ಕೊಡುವ ದಿನ, ವಿದ್ಯುತ್ತಿನ ಬಿಲ್ಲು ಯಾರದೆಂಬದು, ಎಷ್ಟು ಜನರು ಇರುವರೆಂಬದು ಬರೆದಿರಲಿ. ಕೊಟ್ಟ ಹಣಕ್ಕೆ ಪಾವತಿ ಕೇಳುವದು ಅಪನಂಬಿಕೆಯಲ್ಲ. ಹಣ ಕೊಡುವ ಮೊದಲು ನೀರು ಬರುವ ಹೊತ್ತಿನಲ್ಲಿಯೂ ಕತ್ತಲಾದ ಮೇಲೆಯೂ ಒಮ್ಮೊಮ್ಮೆ ಹೋಗಿ ಖೋಲಿಯನ್ನು ನೋಡಿರಿ.

ಆದರೆ ಒಬ್ಬೊಬ್ಬನ ಜಾಣತನದಿಂದ ಬಗೆಹರಿಯುವ ಪ್ರಶ್ನೆ ಇದಲ್ಲ. ಕೇಂಬ್ರಿಜ್ಜಿನ ಆ ಹಳೆಯ ಆಜ್ಞೆಯನ್ನು ಇಲ್ಲಿ ನೆನಪಿಸುತ್ತೇನೆ. ನಮ್ಮ ಕಾಲೇಜಿನಲ್ಲಿಯೂ ಇಬ್ಬರು ಪ್ರಾಧ್ಯಾಪಕರು, ಊರಿನ ಇಬ್ಬರು ಹಿರಿಯರು ಕೂಡಿದ ಒಂದು ವಸತಿ ಮಂಡಳಿಯು ಏಕೆ ಆಗಬಾರದು? ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಲಿ. ಅದಕ್ಕೆ ಹಣ ಬೇಡ. ಒಂದು ವಹಿ ಸಾಕು. ಬಾಡಿಗೆಗೆ ಕೊಡಲು ಒಪ್ಪಿದ ಮನೆಗಳ ಹೆಸರು, ಖೋಲಿಗಳ ಎಣಿಕೆ, ಯೋಗ್ಯ ಬಾಡಿಗೆ, ಹುಡುಗಿಯರಿಗೆ ಕೊಡುವ ಮನೆಗಳು ಇವೆಲ್ಲ ಅದರಲ್ಲಿ ಪ್ರವೇಶದ ದಿನಗಳಿಗೆ ಮೊದಲೇ ಬರೆದಿರಲಿ. ವಿದ್ಯಾರ್ಥಿಯ ನಡತೆಗೆ ಕಾಲೇಜು ಮಾತು ಕೊಡಲಿ. ಬಾಡಿಗೆ ಉಳಿಸಿಕೊಂಡವನನ್ನು ಕರೆದು ಕೇಳಲಿ. ಮಾಲಕರ ಅಂಜಿಕೆಯು ಅರ್ಧಕ್ಕರ್ಧ ಕಡಿಮೆಯಾಗುವದು. ಪ್ರತಿಯಾಗಿ ಮಂಡಳಿಯು ಒಂದೇ ಒಂದು ಕಟ್ಟಳೆಯನ್ನು ಹಾಕಲಿ: ವಹಿಯಲ್ಲಿ ಹೆಸರಿರುವ ಮನೆಯವರು ಹುಡುಗನ ಊರನ್ನು ಕೇಳಬಹುದು, ತರಗತಿಯನ್ನು ಕೇಳಬಹುದು, ತಂದೆಯ ಫೋನ್ ನಂಬರು ಕೇಳಬಹುದು, ಜಾತಿಯನ್ನು ಕೇಳಬಾರದು.

ಸಾವಿರ ವರ್ಷಗಳ ಹಿಂದೆ ನಮ್ಮದೇ ಸೀಮೆಯ ಒಂದು ಹಳ್ಳಿಯು ಪರಸ್ಥಳದ ವಿದ್ಯಾರ್ಥಿಗಳಿಗೆ 27 ಮನೆಗಳನ್ನು ಬಿಟ್ಟುಕೊಟ್ಟು ಕಲ್ಲಿನ ಮೇಲೆ ಬರೆಸಿತು. ಇಂದು ತಾಲೂಕಿನ ಕೇಂದ್ರವಾದ ಮುದ್ದೇಬಿಹಾಳವು ಎಲ್ಲರ ಮಕ್ಕಳಿಗೂ ತೆರೆದ 27 ಖೋಲಿಗಳನ್ನು ಕೂಡಿಸಲಾರದೆ? ಕಲ್ಲು ಬೇಡ, ಕಾಗದದ ಮೇಲೆ ಬರೆದರೂ ನಡೆದೀತು. ಬರುವ ಪ್ರವೇಶದ ದಿನಗಳೊಳಗಾಗಿ ಆ ವಹಿಯ ಮೊದಲನೆಯ ಪುಟವು ತುಂಬುವಂತೆ ಪ್ರಾಚಾರ್ಯರೂ ಪ್ರಾಧ್ಯಾಪಕರೂ ಸಹಪಾಠಿಗಳೂ ಮನಸ್ಸು ಮಾಡಬೇಕೆಂದು ವಿನಂತಿಸಿ ವಿರಮಿಸುತ್ತೇನೆ.